ಸ್ವಇಚ್ಛೆಯಿಂದ

ಮಾರ್ಚ್ ೧೪, ಗುರುವಾರ.

ಬೆಳಿಗ್ಗೆ ನೋಡಿದರೆ ಗಾಜಿನ ಕಾರ್ಖಾನೆಯ ಬೋರ್ಡಿನಲ್ಲಿ ‘ಸರ್ಕಾರಿ’ ಎಂಬ ಪದದ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಬಿಸಿಲು ಬಿದ್ದಾಗ ಒಳಗಿನ ಅಕ್ಷರ ಇನ್ನೂ ಕಾಣುತ್ತದೆ.

ಕಾರ್ಖಾನೆ ಮಾರಾಟವಾಗಿದೆ. ಕುಲುಮೆ ವಿಭಾಗದ ಇನ್ನೂರು ಜನ ಮನೆಗೆ ಹೋಗಬೇಕು, ಅವರಲ್ಲಿ ಅಪ್ಪನೂ ಒಬ್ಬರು. ಅದರ ನೋಟೀಸು ಬರೆಯುವ ಕೆಲಸ ಕಾರ್ಖಾನೆಯ ಆಫೀಸಿನಲ್ಲಿರುವ ನನ್ನ ಪಾಲಿಗೇ ಬಂತು. ‘ಕಾರ್ಮಿಕರು ಸ್ವಇಚ್ಛೆಯಿಂದ ನಿವೃತ್ತರಾಗುತ್ತಿದ್ದಾರೆ’ ಎಂದು ಬರೆಯಬೇಕಂತೆ.

“ಯಾರೂ ಇಚ್ಛೆಪಟ್ಟಿಲ್ಲವಲ್ಲ ಸರ್,” ಎಂದೆ.

ಮ್ಯಾನೇಜರ್ ನಕ್ಕರು. “ಸಾಹಿತ್ಯ ಓದಿದೋರು ನೀವು, ಕಹಿ ಗುಳಿಗೆಗೆ ಸ್ವಲ್ಪ ಬೆಲ್ಲ ಸವರೋಕೆ ಬರಲ್ವೇನಮ್ಮಾ? ಇನ್ಮೇಲೆ ಎಲ್ಲಾ ಮಾರುಕಟ್ಟೆ ನೋಡ್ಕೊಳ್ಳುತ್ತೆ. ಸರ್ಕಾರ ಎಷ್ಟು ದಿನ ಅಂತ ಗಾಜು ಊದುತ್ತೆ?”

ಊದಿದ್ದು ಅಪ್ಪ. ಇಪ್ಪತ್ತೆಂಟು ವರ್ಷ. ಅವರ ಕೆನ್ನೆಗಳು ಜೋತುಬಿದ್ದಿವೆ.

ಊಟಕ್ಕೆ ಕೂತಾಗ ಅಪ್ಪ ಹೇಳಿದರು: “ಬರೀ ಬಯಲಲ್ಲಿ ಕಾರ್ಖಾನೆ ಕಟ್ಟಿ ನಮ್ಮನ್ನ ಕರ್ಕೊಂಡು ಬಂದಿದ್ದೇ ಸರ್ಕಾರ ಕಣಮ್ಮ. ಹೆತ್ತೋಳು ಮಗೂನ ಸಂತೇಲಿ ಬಿಟ್ಟು ಹೋಗ್ತಾಳಾ? ನೋಟೀಸಲ್ಲಿ ಏನಾದ್ರೂ ಒಂದು ದಾರಿ ಇಟ್ಟಿರ್ತಾರೆ, ನೋಡ್ತಿರು.”

“ಹೌದ್ಹೌದು, ನಿಮಗೆ ಸರ್ಕಾರವೇ ತವರುಮನೆ,” ಎಂದಳು ಅಮ್ಮ.

ಆ ನೋಟೀಸು ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ಯಾವ ದಾರಿಯೂ ಇಲ್ಲ.

ಈಗ ‘ಸ್ವಇಚ್ಛೆಯಿಂದ’ ಹೊಡೆದುಹಾಕಿ ‘ಕೆಲಸದಿಂದ ತೆಗೆಯಲಾಗಿದೆ’ ಎಂದು ಬರೆದಿದ್ದೇನೆ. ಇದರಿಂದ ಯಾರ ಕೆಲಸವೂ ಉಳಿಯುವುದಿಲ್ಲ. ಮ್ಯಾನೇಜರ್ ಮತ್ತೆ ತಿದ್ದುತ್ತಾರೆ, ತಿದ್ದಲಿ. ಆದರೆ ನಾಳೆ ಗೇಟಿಗೆ ಅಂಟಿಸುವ ಈ ನೋಟೀಸನ್ನು ಅಪ್ಪ ಅಲ್ಲಿ, ಎಲ್ಲರ ನಡುವೆ ನಿಂತು ಓದುವುದು ಬೇಡ. ಬೆಳಿಗ್ಗೆ ಅವರು ಎದ್ದ ಕೂಡಲೇ ನಾನೇ ಓದಿ ಹೇಳುತ್ತೇನೆ.