ಕನ್ನಡಕದಂಗಡಿಯ ಖಾಲಿ ಪರದೆ

ಅಂಗಡಿಯ ಮೇಲಿನ ಮನೆ,
ಮಂಗಳವಾರ, ಸಂಜೆ

ನನ್ನ ಚಿನಕುರಳಿಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯೇ? ಕೆಮ್ಮು ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲಾ ಆ ಹಾಳು ಕೀಬೋರ್ಡಿನ ಮೇಲೇ ನಿದ್ದೆ ಹೋಗುತ್ತೀಯೋ? ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪನೂ ಗುಂಡುಕಲ್ಲಿನ ಹಾಗಿದ್ದಾರೆ, ಬಾಯಿಗೆ ಮಾತ್ರ ಬೀಗ. "ನನ್ನ ತಲೆ ಇರುವಾಗ ನಿನ್ನ ಪ್ರೋಗ್ರಾಮು ಯಾಕೆ" ಅಂತ ಅವರಂದರು, "ಹಾಗಾದ್ರೆ ನಾನೂ ಯಾಕೆ" ಅಂತ ನೀನಂದು ಹೊರಟೇಬಿಟ್ಟೆ. ಅವತ್ತಿನಿಂದ ಹೀಗೇ. ಫೋನ್ ಮಾಡಿದರೆ ಅರ್ಧಕ್ಕೇ "ಸರಿ ಸರಿ, ಇಡ್ತೀನಿ" ಅಂತೀಯಲ್ಲ, ಅದಕ್ಕೇ ಈ ಕಾಗದ.

ವಿಷಯ ಏನಪ್ಪಾ ಅಂದರೆ, ಅಂಗಡಿ ಲೆಕ್ಕಕ್ಕೆಂದು ನೀನು ಬರೆದಿಟ್ಟ ಆ ಜಾವಾ ಪ್ರೋಗ್ರಾಮು ನನ್ನ ತಲೆ ಕೆಡಿಸಿಬಿಟ್ಟಿದೆ. ಗಿರಾಕಿಗಳ ಕಣ್ಣಿನ ನಂಬರು, ಫ್ರೇಮಿನ ಅಳತೆ ಎಲ್ಲ ತುಂಬಿ 'ಉಳಿಸು' ಒತ್ತುತ್ತೇನೆ. ಆಮೇಲೆ 'ಹುಡುಕು' ಒತ್ತಿದರೆ ಎಲ್ಲ ಇರುತ್ತದೆ, ಕಣ್ಣಾರೆ ನೋಡುತ್ತೇನೆ. ಅಡುಗೆಗೆಂದು ನಾನು ಮೇಲೆ ಬರುತ್ತೇನೆ, ನಿಮ್ಮಪ್ಪ ಅಂಗಡಿ ಮುಚ್ಚಿ ಬರುತ್ತಾರೆ. ಬೆಳಿಗ್ಗೆ ಹುಡುಕಿದರೆ ಹಿಂದಿನ ದಿನದ್ದು ಒಂದೂ ಇಲ್ಲ! ನೀನು ತುಂಬಿದ್ದೆಲ್ಲ ಇದೆ, ನಾನು ತುಂಬಿದ್ದು ಮಾತ್ರ ಮಂಗಮಾಯ. ಕಂಪ್ಯೂಟರೂ ಮುಖ ನೋಡಿ ಮಣೆ ಹಾಕುತ್ತದೇನೇ? ನಿನ್ನೆ ಬಸ್ಸಿನ ಡ್ರೈವರು ಕನ್ನಡಕಕ್ಕೆ ಬಂದ. ನಂಬರೇ ಇಲ್ಲ, ಇನ್ನು ಗಾಜು ಎಲ್ಲಿಂದ ಬರಬೇಕು? "ರಜೆ ಹಾಕಿ ಬಂದಿದ್ದೀನಮ್ಮಾ" ಅಂತ ನಿಂತೇ ಇದ್ದ ಪಾಪ. ನಾಚಿಕೆಯಿಂದ ಸತ್ತೇಹೋದೆ. ಮತ್ತೆ ಅವನ ಕಣ್ಣು ಪರೀಕ್ಷೆ ಮಾಡಬೇಕಾಯಿತು. ಹೀಗೇ ಆದರೆ ಇದ್ದಬದ್ದ ಗಿರಾಕಿಗಳೂ ಎದುರಿನ ಅಂಗಡಿ ಹತ್ತುತ್ತಾರೆ.

ಪಕ್ಕದ ಮನೆಯ ಕಂಪ್ಯೂಟರ್ ಮೇಷ್ಟ್ರನ್ನು ಕರೆದು ತೋರಿಸಿದೆ. ನಾನು 'ಉಳಿಸು' ಒತ್ತಿದ್ದನ್ನು ಡೇಟಾಬೇಸು ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತದಂತೆ. 'ಮುಗಿಸು' ಬಟನ್ ಒತ್ತಿ ಹೊರಬಂದರೆ ಮಾತ್ರ ನಿನ್ನ ಪ್ರೋಗ್ರಾಮು ಅದಕ್ಕೆ 'ಕಮಿಟ್' ಅಂತ ಹೇಳಿ ಖಾಯಂ ಮಾಡಿಸುತ್ತದಂತೆ. ಅಷ್ಟರೊಳಗೆ ಕರೆಂಟು ಹೋದರೆ ಎಲ್ಲ ನೀರುಪಾಲು. ಯಾಕೆ ಹಾಗೆ ಮಾಡಿದೆಯೋ ಮಹಾತಾಯಿ! ಇರಲಿ, ಆ ಬಟನ್ ವಿಷಯ ನಿಮ್ಮಪ್ಪನಿಗೂ ಹೇಳಿದೆ, "ಹೂಂ" ಅಂದರು. ಆದರೂ ಇವತ್ತು ಬೆಳಿಗ್ಗೆ ಮತ್ತೆ ಖಾಲಿ! ಮೇಷ್ಟ್ರದ್ದು ತಪ್ಪೋ, ನಿನ್ನದು ತಪ್ಪೋ, ನನಗೇ ಅರಳುಮರಳೋ, ಒಂದೂ ತಿಳಿಯುತ್ತಿಲ್ಲ ಕಣೇ. ಬಂದು ನೋಡು ಅನ್ನೋಣ ಅಂದರೆ, ನೀವಿಬ್ಬರೂ ಮತ್ತೆ ಕಿತ್ತಾಡುತ್ತೀರಿ ಅಂತ ಭಯ. ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ, ಅದೂ ನಿಜ.

ಮೈ ಕಡೆ ಜೋಪಾನ. ಹೋದಲ್ಲೆಲ್ಲ ನಿನಗೆ ಒಳ್ಳೇದಾಗಲಿ, ನಿನ್ನ ಕಣ್ಣಿಗೆಂದೂ ಕನ್ನಡಕ ಬಾರದಿರಲಿ.

ಇಂತಿ,
ತಲೆಕೆಟ್ಟು ಕೂತಿರುವ ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಟು ತರಲು ಈಗಷ್ಟೇ ಕೆಳಗೆ ಹೋಗಿದ್ದೆ. ನಿನ್ನ ಪ್ರೋಗ್ರಾಮು ತೆರೆದೇ ಇತ್ತು. ನಿಮ್ಮಪ್ಪ ಆ ಬಟನ್ ಮುಟ್ಟಲೇ ಇಲ್ಲ, ಸೀದಾ ಹೋಗಿ ಮೇನ್ ಸ್ವಿಚ್ಚೇ ಆರಿಸಿದರು. "ಅಯ್ಯೋ, ಮತ್ತೆ ಮರೆತಿರಾ?" ಅಂದೆ. ಕತ್ತಲಲ್ಲೇ ನಿಂತು, "ಮರೆತಿಲ್ಲ ಕಣೇ. ಅದು ಸರಿಹೋಗಿಬಿಟ್ಟರೆ ಅವಳನ್ನ ಏನಂತ ಹೇಳಿ ಕರೀಲಿ?" ಅಂದರು.