ಪರದೆಯ ಹಿಂಬದಿ

ಲಿಂಡ್‌ಬೋ, ನೆಬ್ರಾಸ್ಕಾ
೧೪ ಅಕ್ಟೋಬರ್ ೧೮೯೧

ಮುದ್ದಿನ ಎಲ್ನಾ,

ಅಮ್ಮನ ಮುತ್ತುಗಳು. ತಡವಾಯಿತೆಂದು ಬೈದುಕೊಳ್ಳಬೇಡ. ನಿಮ್ಮ ನಾಟಕ ಕಂಪನಿಯ ವಿಳಾಸಕ್ಕೆ ಬರೆದ ಎರಡು ಪತ್ರಗಳೂ ಹಿಂದಿರುಗಿ ಬಂದವು.

ನಮ್ಮ ಒಪೆರಾ ಹೌಸ್‌ಗೆ ನಾಲ್ಕು ವರ್ಷ ತುಂಬಿತು. ಒಪೆರಾ ಎಂಬ ಸಂಗೀತನಾಟಕ ಮಾತ್ರ ಇದುವರೆಗೆ ಒಂದೂ ಬಂದಿಲ್ಲ! ನಾಟಕಶಾಲೆ ಎಂದರೆ ಪಾದ್ರಿಗಳು ಒಪ್ಪುವುದಿಲ್ಲವೆಂದು ಊರಿನವರು ಆ ಹೆಸರಿಟ್ಟದ್ದು ನಿನಗೆ ಗೊತ್ತೇ ಇದೆ. "ಸಂಗೀತ ಅಂದ್ಮೇಲೆ ಪಾಪ ಎಲ್ಲಿಂದ ಬಂತು? ಕಟ್ಕೊಳ್ಳಿ" ಎಂದು ಅವರೇ ಹರಸಿದರು. ಅದನ್ನು ನಂಬಿ ನಿನ್ನ ಅಪ್ಪ ವೇದಿಕೆ ಕಟ್ಟಿಕೊಟ್ಟರು. ಆ ವೇದಿಕೆಗೆ ಬಂದ ಕಂಪನಿಯ ಜೊತೆಗೇ ನೀನು ಹೊರಟುಹೋದೆ. "ಇನ್ಮೇಲೆ ಈ ಮನೆ ಬಾಗಿಲು ನಿನಗೆ ಮುಚ್ತು" ಎಂದು ಅಪ್ಪ ಕೂಗಿದ್ದು ನನಗೆ ಇಂದಿಗೂ ಸಂಕಟ.

ಈಗ ವೇದಿಕೆಗೆ ಹೊಸ ಪರದೆ ಬಂದಿದೆ. ನಡುವೆ ಯಾವುದೋ ನೀರಿನ ಊರಿನ ಚಿತ್ರ, ದೋಣಿಗಳು, ಮೇಲೆ ಚಂದ್ರ. ಸುತ್ತಲೂ ನಮ್ಮ ಅಂಗಡಿಗಳ ಜಾಹೀರಾತು. ಚಂದ್ರನ ಪಕ್ಕದಲ್ಲೇ ಟಿಲ್ಡಾಳ ಉಪ್ಪುಮೀನು! ನೀನು ಹೋದಮೇಲೆ ಅಲ್ಲಿನ ಮೆಟ್ಟಿಲನ್ನೂ ತುಳಿಯದ ನಿನ್ನ ಅಪ್ಪ ತಾವೂ ಜಾಹೀರಾತಿನ ಒಂದು ಚೌಕ ಕೊಂಡರೆಂದು ಕೇಳಿ, ಕುತೂಹಲ ತಡೆಯದೆ ಹೋದೆ. ಅವರ ಚೌಕದಲ್ಲಿ ಕುರ್ಚಿಯ ಚಿತ್ರವಿಲ್ಲ, ನಮ್ಮ ಬಡಗಿ ಅಂಗಡಿಯ ಹೆಸರಿಲ್ಲ. "ಎಲ್ನಾ, ಬಾಗಿಲು ಮುಚ್ಚಿಲ್ಲ" ಎಂದಷ್ಟೇ ಇತ್ತು.

ಪಕ್ಕದಲ್ಲಿದ್ದ ಟಿಲ್ಡಾ ಹಣೆ ಚಚ್ಚಿಕೊಂಡಳು. "ಅಯ್ಯೋ ಕಾರಿನ್, ನಿನ್ ಗಂಡಂಗೆ ಅಷ್ಟೂ ಗೊತ್ತಿಲ್ವಾ? ನಾಟಕ ಆಡೋರು ಪರದೆ ಹಿಂದೆ ಇರ್ತಾರೆ ಕಣೇ. ನಿನ್ ಮಗಳೊಬ್ಬಳನ್ನ ಬಿಟ್ಟು ಊರೆಲ್ಲ ಓದುತ್ತೆ!"

ಮನೆಗೆ ಬಂದು ಹೇಳಿದೆ. ಅಪ್ಪ ಕಾಫಿ ಬಟ್ಟಲು ಕೆಳಗಿಟ್ಟರು. "ಹಿಂದೆ ಇರ್ತಾರಾ?" ಎಂದವರು ಬಣ್ಣದ ಡಬ್ಬಿ ಹಿಡಿದು ಹೊರಟರು.

"ಎಲ್ಲಿಗ್ರೀ?"

"ಕೆಲ್ಸ ಇದೆ ಕಣೇ."

ಈಗ ಹಿಂಬದಿಯಲ್ಲೂ ಅದೇ ಮಾತಿದೆ, ಇನ್ನೂ ದೊಡ್ಡ ಅಕ್ಷರದಲ್ಲಿ. ಸಾಲು ಸೊಟ್ಟಗಿದೆ, ನಗಬೇಡ.

ಚಳಿ ಶುರುವಾಗಿದೆ, ಗಂಟಲು ಬೆಚ್ಚಗಿಟ್ಟುಕೋ. ಹೋದಲ್ಲೆಲ್ಲ ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಕಾರಿನ್

ಇನ್ನೊಂದು ಮಾತು: ಈ ವಾರ ಬಂದ ಕಂಪನಿಯ ಹುಡುಗಿಯೊಬ್ಬಳು ಆ ಸಾಲು ಓದಿ ನನ್ನನ್ನು ಹುಡುಕಿಕೊಂಡು ಬಂದಳು. "ಎಲ್ನಾ ನಮ್ ಜೊತೇನೇ ಇದ್ಲಮ್ಮ. ಕಂಪನಿ ಬಿಟ್ಟು ವರ್ಷ ಆಯ್ತು. ಎಲ್ಲಿಗೆ ಹೋದ್ಲೋ ಯಾರಿಗೂ ಗೊತ್ತಿಲ್ಲ" ಎಂದಳು. ಎಲ್ಲಾದರೂ ಸಿಕ್ಕರೆ ಕೊಡಲಿ ಎಂದು ಈ ಪತ್ರವನ್ನು ಅವಳ ಕೈಗೇ ಒಪ್ಪಿಸುತ್ತಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ನಿನ್ನೆ ಅವರು ಬಾಗಿಲಿನ ಚಿಲಕವನ್ನೇ ಕಿತ್ತು ಹಾಕಿದರು. ಗಾಳಿಗೆ ಬಾಗಿಲು ತೆರೆದುಕೊಂಡಾಗಲೆಲ್ಲ ಇಬ್ಬರೂ ಎದ್ದು ನೋಡುತ್ತೇವೆ.