ಮ್ಯೂಟ್ ಮಾಡಿ ಬಂದವರು

ಮಾರ್ಚ್ 3, ರಾತ್ರಿ 2:40
ಕುರ್ಚಿ ಹಿಂದಕ್ಕೆ ಸರಿದ ಸದ್ದು. ಎಚ್ಚರವಾಯಿತು. ಇವರ ಮೀಟಿಂಗ್ ಇನ್ನೂ ನಡೆಯುತ್ತಿತ್ತು — ಕ್ಲೈಂಟಿಗೆ ಅಲ್ಲಿ ಹಗಲು. ಪುಟ್ಟಿ ಕೆಮ್ಮಿದ್ದಳು, ಅಷ್ಟೇ. ಮ್ಯೂಟ್ ಒತ್ತಿ ಎದ್ದು ಬಂದರು. ನನ್ನ ಕೂದಲು ಹಿಡಿದು ತಲೆಯನ್ನು ಮಂಚದ ಅಂಚಿಗೆ ಬಡಿದರು. ಹೋಗಿ ಕೂತು ಮ್ಯೂಟ್ ತೆಗೆದು ಸಾರಿ ಹೇಳಿದರು — ಕ್ಲೈಂಟಿಗೆ. ದನಿ ಬೆಣ್ಣೆ.

ಮಾರ್ಚ್ 4
ನಿದ್ದೆಯಿಲ್ಲ. ಮಕ್ಕಳ ವಿಜ್ಞಾನದ ವಿಡಿಯೋಗೆ ಕನ್ನಡ ಸಬ್‌ಟೈಟಲ್ ಅರ್ಧ ಮುಗಿಯಿತು. ಊರಲ್ಲಿ ಕೂತು ಅಕ್ಕ ಅದೇ ಫೈಲಿನಲ್ಲಿ ತಪ್ಪು ತಿದ್ದುತ್ತಾಳೆ. ಫೋನ್ ಮಾಡಿದ್ದಳು. "ಮೂರು ತಿಂಗಳಿಗೊಂದು ದೇಶ. ಮಹಾರಾಣಿ ಕಣೇ ನೀನು. ನಾನಿಲ್ಲಿ ಗ್ಯಾಸ್ ಸಿಲಿಂಡರ್‌ಗೆ ಕಾಯ್ತಾ ಕೂತಿದೀನಿ."
ನಕ್ಕೆ. ದವಡೆ ನೋಯಿತು. ಇವರು ಪಕ್ಕದಲ್ಲೇ ಇದ್ದರು. ಆಮೇಲೆ ಫೋನ್ ಇಸಿದುಕೊಂಡು ಬಾಲ್ಕನಿಗೆ ಹೋಗಿ ಅಕ್ಕನ ಜೊತೆ ಅರ್ಧ ಗಂಟೆ ಹರಟೆ. ನನ್ನ ತವರಿನವರ ಫೋನ್ ಬಂದರೆ ಯಾವ ದೇಶದಲ್ಲೂ ಹೀಗೇ, ದೇವರಂಥ ಅಳಿಯ.

ಮಾರ್ಚ್ 11
ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಬಲ ಮಣಿಕಟ್ಟು ಊದಿ ನೇರಳೆ ಹಣ್ಣಿನ ಬಣ್ಣ.
ನಿನ್ನೆ ಮ್ಯೂಟ್ ಬದಲು ಕ್ಯಾಮೆರಾ ಆಫ್ ಮಾಡಿ ಎದ್ದು ಬಂದಿದ್ದರು. ಮೈಕ್ ಆನ್ ಇದ್ದದ್ದು ಗೊತ್ತಾಗಲಿಲ್ಲ ಇವರಿಗೆ. ಬಾಗಿಲಿಗೆ ನನ್ನ ಕೈ ಸಿಕ್ಕಿಸಿ ಒತ್ತಿದರು. ಕಿರುಚಿದೆ. ಪುಟ್ಟಿಯೂ. ಅಲ್ಲಿ ಐದು ಜನ ಕೇಳಿಸಿಕೊಂಡರು. ಅವರಿಗೆ ಕನ್ನಡ ಬರುವುದಿಲ್ಲ... ಬರಬೇಕಾಗಿಯೂ ಇರಲಿಲ್ಲ.
ಇವರ ಕೆಲಸ ಹೋಯಿತು. ಲ್ಯಾಪ್‌ಟಾಪ್ ಮುಚ್ಚಿ ಸಾವಕಾಶವಾಗಿ ಕೇಳಿದರು, "ಯಾಕೆ ಕಿರುಚ್ದೆ?"
ಆಮೇಲೆ ಹೊಟ್ಟೆಗೆ ಒದ್ದರು. ನನ್ನ ಫೋನ್ ಗೋಡೆಗೆ ಹೊಡೆದು ಚೂರು. ಕೆಳಗಿನ ಮನೆಯಾಕೆ ಬಂದು ಬಾಗಿಲು ತಟ್ಟಿದಳು. ನಗುತ್ತಾ ಸಾಗಹಾಕಿದರು.
ಸಾಗಹಾಕಿದ. ಬರೆದು ನೋಡಿದೆ. ಇವನು. ಇವನು.

ಮಾರ್ಚ್ 12, ರಾತ್ರಿ 3:15
ಬಚ್ಚಲಮನೆಯಲ್ಲಿದ್ದೇನೆ, ಲ್ಯಾಪ್‌ಟಾಪ್ ತೊಡೆಯ ಮೇಲೆ. ಆರಕ್ಕೆ ಟ್ಯಾಕ್ಸಿ. ಟಿಕೆಟ್ ಎರಡೇ. ಮಲಗುವ ಮುಂಚೆ ಹೇಳಿದ, "ನಾನೂ ಮಗೂನೂ ಹೊರಡ್ತೀವಿ. ನೀನು ಇಲ್ಲೇ ಕಿರುಚ್ಕೊಂಡಿರು." ಪಾಸ್‌ಪೋರ್ಟ್ ಮೂರೂ ಅವನ ಚೀಲದಲ್ಲಿ. ಹೊರಬಾಗಿಲ ಕೀಲಿ ದಿಂಬಿನ ಕೆಳಗೆ. ಪುಟ್ಟಿಯ ಮೇಲೆ ಅವನ ಕೈ.
ಅಕ್ಕಾ. ಯಾರಿಗೂ ಅಂತ ಬರೆದದ್ದಲ್ಲ ಇದು. ಎಲ್ಲವನ್ನೂ ನಮ್ಮ ಸಬ್‌ಟೈಟಲ್ ಫೈಲಿಗೆ ಹಾಕಿದ್ದೇನೆ, ತಿದ್ದಲು ತೆರೆದರೆ ಮೊದಲು ಇದೇ ಕಾಣುತ್ತದೆ. ತಪ್ಪು ತಿದ್ದುತ್ತಾ ಕೂರಬೇಡ. ಅವನಿಗೆ ಫೋನ್ ಮಾಡು. ನಿನ್ನ ಹೆಸರು ನೋಡಿದರೆ ಎತ್ತುತ್ತಾನೆ, ಎದ್ದು ಬಾಲ್ಕನಿಗೆ ಹೋಗುತ್ತಾನೆ. ಅಮ್ಮನಿಗೆ ಹುಷಾರಿಲ್ಲ ಅನ್ನು, ಅವನನ್ನು ಹೊಗಳು, ಏನಾದರೂ ಅನ್ನು. ಇದನ್ನು ಓದಿದ್ದು ಮಾತ್ರ ಗೊತ್ತಾಗಬಾರದು. ಕೀಲಿ ತೆಗೆದು, ಪುಟ್ಟಿಯನ್ನು ಎತ್ತಿಕೊಂಡು ಕೆಳಮನೆಯಾಕೆಯ ಬಾಗಿಲು ಬಡಿಯುವಷ್ಟು ಹೊತ್ತು ಸಾಕು ನನಗೆ.
ಅಕ್ಕಾ, ಇಲ್ಲಿ ಬೆಳಗಾಗುವುದರೊಳಗೆ ಮಾಡೇ. ನಿನ್ನ ಕಾಲಿಗೆ ಬೀಳ್ತೀನಿ. ಎತ್ತದಿದ್ದರೆ ಮತ್ತೆ ಮಾಡು. ಎತ್ತುವವರೆಗೂ —